ಗಡಿ ಹಿಗ್ಗಿಸು ಸ್ವಾಮಿ, ಕಲ್ಲು ನಾನೇ ಕೀಳುತ್ತೇನೆ

ನಮ್ಮ ಮನೆಯ ಗೋಡೆಗೂಡಿನಲ್ಲಿ ಹನ್ನೊಂದು ಪುಸ್ತಕಗಳಿವೆ. ಹನ್ನೊಂದೂ ನನ್ನನ್ನು ಹೊಸ ಮನುಷ್ಯನನ್ನಾಗಿ ಮಾಡಲು ಬಂದಂಥವು. ಒಂದನ್ನೂ ನಾನು ದುಡ್ಡು ಕೊಟ್ಟು ತಂದವನಲ್ಲ. ಮದುವೆಗೆ ಎರಡು ಬಂದವು, ಗೃಹಪ್ರವೇಶಕ್ಕೆ ಮೂರು. ಅಪ್ಪ ತೀರಿಕೊಂಡಾಗ ಒಂದು. ಉಳಿದವನ್ನು ನನ್ನ ನಡತೆ ನೋಡಿ ಕೊಟ್ಟರು.

ಮುಖಪುಟ ನೋಡಿದರೇ ಗೊತ್ತಾಗುತ್ತದೆ. ಸೂರ್ಯೋದಯ. ಕಾಲುದಾರಿ. ಚಿಟ್ಟೆ. ಎರಡರ ಮೇಲೆ ಸೂರ್ಯಕಾಂತಿ ಹೊಲ. ವಿನಯದ ಬಗ್ಗೆ ಬರೆದವರ ಪುಸ್ತಕದಲ್ಲಿ ಮಾತ್ರ ಹೊಲಕ್ಕೆ ಜಾಗ ಸಿಕ್ಕಿಲ್ಲ. ಅಲ್ಲಿ ಪೂರ್ತಿ ಪುಟ ಅವರದೇ ಭಾವಚಿತ್ರ.

ಸೂರ್ಯಕಾಂತಿ ಹೊಲ ಅಂದರೆ ಚಾಮರಾಜನಗರದವನಿಗೆ ಗುಂಡ್ಲುಪೇಟೆ ನೆನಪಾಗುತ್ತದೆ. ಜುಲೈ ಬಂತೆಂದರೆ ಹೆದ್ದಾರಿಯ ಇಕ್ಕೆಲದಲ್ಲೂ ಚೆಂಡು ಹೂ, ಸೂರ್ಯಕಾಂತಿ. ಕೇರಳದಿಂದ ಕಾರುಗಳ ಸಾಲು. ಹೊಲಕ್ಕಿಳಿದು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಹೊಲದವನು ತಲೆಗಿಷ್ಟು ಅಂತ ಕಾಸು ಇಸಿದುಕೊಳ್ಳುತ್ತಾನೆ. ಚೆಂಡು ಹೂ ಆಮೇಲೆ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಆ ಫೋಟೊಗಳಲ್ಲಿ ಆಕಾಶ ಇದೆ, ಬೆಟ್ಟ ಇದೆ, ಹೂವಿದೆ. ಹೂ ಕೀಳುವ ಹೆಂಗಸು ಇಲ್ಲ. ಚೌಕಟ್ಟಿಗೆ ಬಂದರೆ "ಸ್ವಲ್ಪ ಆ ಕಡೆ ಹೋಗಮ್ಮ" ಅನ್ನುತ್ತಾರೆ.

ಈ ಪುಸ್ತಕಗಳ ಪುಟಗಳ ಒಳಗೂ ಅವಳಿಗೆ ಅದೇ ಮಾತು.

ಇವನ್ನು ಓದದೆ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಓದಿದ್ದೇನೆ. ಕರೆಂಟು ಹೋದ ಮಧ್ಯಾಹ್ನಗಳು ನಮ್ಮ ಜಿಲ್ಲೆಯಲ್ಲಿ ಧಾರಾಳ.

ಮೊದಲನೆಯದು ಯಾಬೇಚನ ಪುಸ್ತಕ. ಯಾಬೇಚ ಯಾರು? ಬೈಬಲಿನ ಪೂರ್ವಕಾಲವೃತ್ತಾಂತದಲ್ಲಿ, ನೂರಾರು ಹೆಸರುಗಳ ವಂಶಾವಳಿಯ ನಡುವೆ, ಎರಡೇ ಎರಡು ವಾಕ್ಯದಲ್ಲಿ ಬಂದು ಹೋಗುವ ಮನುಷ್ಯ. ದೇವರೇ ನನ್ನನ್ನು ಹರಸು, ನನ್ನ ಗಡಿ ಹಿಗ್ಗಿಸು ಅಂತ ಕೇಳಿಕೊಂಡ. ದೇವರು ಆಗಲಿ ಅಂದ. ಕಥೆ ಮುಗಿಯಿತು.

ಅಮೆರಿಕದ ಬ್ರೂಸ್ ವಿಲ್ಕಿನ್ಸನ್ 2000ನೇ ಇಸವಿಯಲ್ಲಿ ಆ ಎರಡು ವಾಕ್ಯಗಳನ್ನು ಎಳೆದು ಎಳೆದು ಒಂದು ಪುಸ್ತಕ ಮಾಡಿದರು. ನೂರು ಪುಟವೂ ಇಲ್ಲ. ದಿನಾ ಈ ಪ್ರಾರ್ಥನೆ ಮಾಡಿ, ಬಾಳು ಹಿಗ್ಗುತ್ತದೆ ಅನ್ನುವುದು ಸಾರ. 90 ಲಕ್ಷದಷ್ಟು ಪ್ರತಿ ಖರ್ಚಾಯಿತು. ಲೇಖಕರ ಗಡಿಯಂತೂ ಹಿಗ್ಗಿತು. ಅದರಲ್ಲಿ ಯಾರಿಗೂ ಅನುಮಾನವಿಲ್ಲ.

ಆಮೇಲೆ ಅವರು ಆಫ್ರಿಕಾಕ್ಕೆ ಹೋದರು. ಸ್ವಾಜಿಲ್ಯಾಂಡಿನಲ್ಲಿ ಏಡ್ಸ್‌ನಿಂದ ಅನಾಥರಾದ ಹತ್ತು ಸಾವಿರ ಮಕ್ಕಳಿಗೆ ದೊಡ್ಡದೊಂದು ಊರು ಕಟ್ಟುತ್ತೇನೆ, ಜೊತೆಗೆ ಪ್ರವಾಸಿಗರಿಗೆ ವಸತಿ, ಪ್ರಾಣಿ ನೋಡುವ ವ್ಯವಸ್ಥೆ, ಅದಕ್ಕೆಲ್ಲ ಜಮೀನು ಕೊಡಿ ಅಂದರು. ಜಮೀನು ಸಿಗಲಿಲ್ಲ. 2005ರಲ್ಲಿ ಕೈಬಿಟ್ಟು ವಾಪಸು ಹೋದರು. ದಿನಾ ಪ್ರಾರ್ಥನೆ ಮಾಡಿರಲೇಬೇಕು. ಸ್ವಾಜಿಲ್ಯಾಂಡಿನವರು ಆ ಪುಸ್ತಕ ಓದಿರಲಿಲ್ಲವೇನೋ.

ನಮ್ಮ ಚರ್ಚಿನ ಸಭೆಯಲ್ಲಿ ಈ ಪುಸ್ತಕವನ್ನು ಹಂಚಿದವರು ಹಿರಿಯರೊಬ್ಬರು. ಒಳ್ಳೆಯ ಕಂಠ. ಬಿಳಿ ಅಂಗಿ. ಸ್ತೋತ್ರ ಶುರುವಾದರೆ ಮೊದಲು ಕೈ ಎತ್ತುವವರು ಅವರೇ. ಭಾನುವಾರ ಸಂಜೆ ಅವರ ಮನೆಯ ವರಾಂಡದಲ್ಲಿ ಈ ಪುಸ್ತಕದ ಮೇಲೆ ಅಧ್ಯಯನ, ಕೊನೆಗೆ ಕಾಫಿ, ಖಾರ. "ದೇವರು ನಮ್ಮ ಗಡಿಯನ್ನು ಹಿಗ್ಗಿಸುತ್ತಾನೆ" ಅಂತ ಅವರು ಕಣ್ಣು ಮುಚ್ಚಿ ಹೇಳುವಾಗ ಪಕ್ಕದ ಹೊಲದವನು ಕಣ್ಣು ಬಿಟ್ಟುಕೊಂಡೇ ಕೂತಿರುತ್ತಾನೆ. ಅವನಿಗೆ ಅನುಭವ ಇದೆ.

ನಮ್ಮ ಕಡೆ ಗಡಿ ಅನ್ನುವುದು ರೂಪಕ ಅಲ್ಲ ಸ್ವಾಮಿ. ಅದು ಕಲ್ಲು. ರಾತ್ರಿ ಅದಕ್ಕೆ ಕಾಲು ಬರುತ್ತದೆ. ಬೆಳಿಗ್ಗೆ ಎರಡು ಸಾಲು ಅರಿಶಿನ ಆಚೆಯವನ ಪಾಲು. ಸರ್ವೆಯವನನ್ನು ಕರೆಸಲು ಅರ್ಜಿ, ಅರ್ಜಿಗೆ ಶುಲ್ಕ, ಶುಲ್ಕದ ಮೇಲೆ ಇನ್ನೊಂದಿಷ್ಟು. ಬಗರ್‌ಹುಕುಂ ಅರ್ಜಿಗಳ ಕಟ್ಟು ಸೂರು ಮುಟ್ಟಿದೆ. ಇಂಥ ತಾಲ್ಲೂಕಿನಲ್ಲಿ ಗಡಿ ಹಿಗ್ಗಿಸುವ ಪ್ರಾರ್ಥನೆ ಹಂಚುವುದು ಸಾರಾಯಿ ಅಂಗಡಿ ಮುಂದೆ ಉಪ್ಪಿನಕಾಯಿ ಹಂಚಿದ ಹಾಗೆ.

ಗಡಿ ಕುಗ್ಗಿದವರೂ ಇದ್ದಾರೆ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾಯಿತು. ಸೋಲಿಗರನ್ನು ಕಾಡಿನ ಒಳಗಿಂದ ಎತ್ತಿ ಅಂಚಿನ ಪೋಡುಗಳಿಗೆ ತಂದು ಬಿಟ್ಟರು. 2011ರಲ್ಲಿ ಅವರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ಸಿಕ್ಕಿತು. ಹೇಗೆ? ಸಭೆ ಸೇರಿ, ನಕ್ಷೆ ಬರೆದು, ಅರ್ಜಿ ಹಾಕಿ, ಕಚೇರಿಗೆ ಅಲೆದು. ಯಾಬೇಚ ಅವರ ಕಡೆ ಬರಲಿಲ್ಲ.

ಎರಡನೆಯದು ನಲವತ್ತು ದಿನದ ಪುಸ್ತಕ. ಅಮೆರಿಕದ ಪಾಸ್ಟರ್ ರಿಕ್ ವಾರನ್ 2002ರಲ್ಲಿ ಬರೆದದ್ದು. ದಿನಕ್ಕೊಂದು ಅಧ್ಯಾಯ. ನಲವತ್ತು ದಿನ ಓದಿದರೆ ನೀವು ಭೂಮಿಯ ಮೇಲೆ ಯಾಕಿದ್ದೀರಿ ಅನ್ನುವುದು ಗೊತ್ತಾಗುತ್ತದೆ. ನಮ್ಮಲ್ಲಿ ಮಂಡಲ ಅಂದರೆ 48 ದಿನ. ಇವರದು ಎಂಟು ದಿನ ರಿಯಾಯಿತಿ. ಮೂರು ಕೋಟಿಗೂ ಮೀರಿ ಪ್ರತಿಗಳು ಹೋದವು. ವಾರನ್ ಆ ದುಡ್ಡಿನಲ್ಲಿ ಬಹುಪಾಲು ದಾನ ಕೊಟ್ಟರು ಅನ್ನುತ್ತಾರೆ. ಕೊಟ್ಟಿದ್ದರೆ ನಮಸ್ಕಾರ. ನನ್ನ ತಕರಾರು ಓದಿದವರ ಮೇಲೆ.

ನಮ್ಮ ಸಭೆಯವರೂ ನಲವತ್ತು ದಿನ ಕೂಡಿ ಓದಿದರು. ಅತ್ತರು. ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಲವತ್ತೊಂದನೆಯ ದಿನ ಗಾಯನದ ಮೈಕು ಯಾರ ಕೈಯಲ್ಲಿರಬೇಕು ಅಂತ ಜಗಳ ಬಿತ್ತು. ಅದೇ ವಾರ ಲೆಕ್ಕಪತ್ರ ಕೇಳಿದ ಹುಡುಗನಿಗೆ "ನಿನ್ನಲ್ಲಿ ಕಹಿಯ ಆತ್ಮ ಇದೆ" ಅಂದರು. ಅವನಿಗೂ ಒಂದು ಪುಸ್ತಕ ಕೊಟ್ಟರು. ಕ್ಷಮಿಸುವುದು ಹೇಗೆ ಅನ್ನುವ ಪುಸ್ತಕ. ಲೆಕ್ಕ ಕೊಡುವುದು ಹೇಗೆ ಅನ್ನುವ ಪುಸ್ತಕವನ್ನು ಯಾಕೋ ಇನ್ನೂ ಯಾರೂ ಬರೆದಿಲ್ಲ.

ಇನ್ನು ಕನ್ನಡ.

ಈ ಪುಸ್ತಕಗಳ ಕನ್ನಡ ಓದಿದರೆ ಪಾಪನಿವೇದನೆ ಮಾಡಬೇಕಾದವರು ಯಾರು ಅಂತ ತಕ್ಷಣ ಗೊತ್ತಾಗುತ್ತದೆ. ಬೆಂದಿರುವುದಿಲ್ಲ. ಅಕ್ಕಿ ಅಮೆರಿಕದ್ದು, ನೀರು ಇಲ್ಲಿಯದು, ಒಲೆ ಹಚ್ಚಿಲ್ಲ. ಒಂದು ಪುಟದಲ್ಲಿ ನನ್ನ ಹೃದಯದ ಗ್ಯಾರೇಜನ್ನು ಸ್ವಚ್ಛಗೊಳಿಸಿಕೊಳ್ಳಲು ಹೇಳಿದ್ದರು. ನಮ್ಮ ಬೀದಿಯಲ್ಲಿ ಗ್ಯಾರೇಜ್ ಅಂದರೆ ಬೈಕ್ ರಿಪೇರಿ ಅಂಗಡಿ. ನನ್ನ ಹೃದಯದಲ್ಲಿ ಎಂಜಿನ್ ಆಯಿಲ್ ಯಾಕೆ ಇದೆ ಅಂತ ಅರ್ಧ ಗಂಟೆ ಯೋಚಿಸಿದೆ.

ಪರದೇಶದಿಂದ ಬಂದವರಿಗೆ ಒಳ್ಳೆಯ ಕನ್ನಡ ಸಾಧ್ಯವೇ ಇರಲಿಲ್ಲವೇ? ಇತ್ತು. ಬಾಸೆಲ್ ಮಿಶನ್ನಿನವರು 1840ರ ದಶಕದಲ್ಲೇ ಮಂಗಳೂರಿನಲ್ಲಿ ಜಾನ್ ಬನಿಯನ್ನನ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಕಥೆಯನ್ನು 'ಯಾತ್ರಿಕನ ಸಂಚಾರ' ಅಂತ ತಂದರು. ಹೆಸರು ಕೇಳಿದರೇ ಕಾಲಿಗೆ ಧೂಳು ಹತ್ತುತ್ತದೆ. 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದ. ಕಿಟೆಲ್ ವರ್ಷಾನುಗಟ್ಟಲೆ ಕೂತು ಗಾದೆ, ಬೈಗುಳ, ಗಿಡಮರದ ಹೆಸರು ಎಲ್ಲ ಕೂಡಿಸಿ 1894ರಲ್ಲಿ ನಿಘಂಟು ಕೊಟ್ಟ. ಅವರಿಗೂ ಮತ ಹರಡುವ ಉದ್ದೇಶವೇ ಇತ್ತು. ಆದರೆ ಹೇಳಬೇಕಾದ್ದನ್ನು ಹೇಳುವ ಮೊದಲು ಕೇಳಿಸಿಕೊಳ್ಳಬೇಕು ಅನ್ನುವ ಮರ್ಯಾದೆ ಇತ್ತು. ಈಗಿನವರ ಕೈಯಲ್ಲಿ ಆ ನಿಘಂಟು ಮೊಬೈಲಿನಲ್ಲೇ ಇದೆ. ತೆರೆಯುವುದಿಲ್ಲ. ಉಜ್ಜೀವನ ಅರ್ಜೆಂಟು.

ಉಜ್ಜೀವನ ಅಂದರೆ ಗೊತ್ತಲ್ಲ. ಮದುವೆ ಛತ್ರದಲ್ಲಿ ಮೂರು ದಿನ ನಡೆಯುತ್ತದೆ. ಕೀಬೋರ್ಡು, ಡ್ರಮ್ಮು, ಪರಊರಿನ ಭಾಷಣಕಾರ, ಪಕ್ಕದಲ್ಲೊಬ್ಬ ತರ್ಜುಮೆಗಾರ. ಭಾಷಣಕಾರ ನೆಗೆದರೆ ಇವನೂ ನೆಗೆಯಬೇಕು. ಹೊರಬಾಗಿಲ ಹತ್ತಿರ ಪುಸ್ತಕದ ಮೇಜು. ಮೌನದ ಮಹತ್ವ ಸಾರುವ ಪುಸ್ತಕವನ್ನು ಮೈಕಿನಲ್ಲಿ ಕೂಗಿ ಮಾರುತ್ತಾರೆ. ಸರಳ ಜೀವನದ ಪುಸ್ತಕಕ್ಕೆ ಗಟ್ಟಿ ರಟ್ಟು, ಬಂಗಾರದ ಅಕ್ಷರ. ಚಿಲ್ಲರೆ ಇಲ್ಲ ಅಂದರೆ ಕ್ಯೂಆರ್ ಕೋಡ್ ತೋರಿಸುತ್ತಾರೆ. ದೇವಾಲಯದಲ್ಲಿ ಕಾಸು ಬದಲಿಸುವವರ ಮೇಜನ್ನು ಯೇಸು ಉರುಳಿಸಿದ ಕಥೆಯನ್ನು ಒಳಗೆ ಹೇಳುತ್ತಿರುತ್ತಾರೆ. ಮೇಜು ಮಾತ್ರ ಅಲುಗುವುದಿಲ್ಲ. ಗಟ್ಟಿ ಮೇಜು.

ಕೇರಳದ ಧ್ಯಾನಕೇಂದ್ರಗಳಿಗೆ ಹೋಗುವವರದು ಇನ್ನೊಂದು ದಾರಿ. ಚಾಲಕುಡಿ ಕಡೆ ವ್ಯಾನು ಮಾಡಿಕೊಂಡು ಹೋಗಿ ವಾರವಿದ್ದು, ಚೀಲದ ತುಂಬ ಪುಸ್ತಕ, ಜಪಸರ ಹೊತ್ತು ಬರುತ್ತಾರೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಸಂಚಾರ ಬಂದ್. ಒಂಬತ್ತಕ್ಕೆ ಗೇಟು ಬಿತ್ತೆಂದರೆ ಬೆಳಿಗ್ಗೆ ಆರಕ್ಕೇ. ಹೊಸ ಮನುಷ್ಯರು ತುಂಬಿದ ವ್ಯಾನೊಂದು ಹೀಗೆ ಸಿಕ್ಕಿಹಾಕಿಕೊಂಡಾಗ ಗೇಟಿನವನಿಗೆ ಬಿದ್ದ ಬೈಗುಳವನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಒಂದಕ್ಷರವೂ ನವೀಕರಣವಾಗಿರಲಿಲ್ಲ.

ಉಜ್ಜೀವನದ ಚರಿತ್ರೆ ಹೇಳುವಾಗ ಎಲ್ಲ ಪುಸ್ತಕಗಳೂ 1904ರ ವೇಲ್ಸ್ ಅನ್ನುತ್ತವೆ, 1906ರ ಲಾಸ್ ಏಂಜಲೀಸ್ ಅನ್ನುತ್ತವೆ. ನಡುವಿನ 1905ನೇ ಇಸವಿ ಯಾರಿಗೂ ಬೇಡ. ಆ ವರ್ಷ ಪುಣೆ ಹತ್ತಿರದ ಕೇಡಗಾಂವದ ಮುಕ್ತಿ ಮಿಶನ್ನಿನಲ್ಲಿ ದೊಡ್ಡ ಉಜ್ಜೀವನ ನಡೆಯಿತು. ಆ ಮಿಶನ್ನನ್ನು ಕಟ್ಟಿದವರು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದ ಕಡೆಯವರು.

ಆಕೆ ಏನು ಮಾಡಿದರು? ಬರ ಬಿದ್ದಾಗ ಊರೂರು ತಿರುಗಿ ವಿಧವೆಯರನ್ನು, ಅನಾಥ ಹುಡುಗಿಯರನ್ನು ಕರೆತಂದರು. ಅಕ್ಷರ ಕಲಿಸಿದರು. ಕಸುಬು ಕಲಿಸಿದರು. ಅಚ್ಚುಮೊಳೆ ಜೋಡಿಸುವುದನ್ನು ಕಲಿಸಿದರು. ಆಮೇಲೆ ಆತ್ಮ ಬಂತಂತೆ. ಅಲ್ಲಿ ಅನ್ನ ಮೊದಲು, ಉಜ್ಜೀವನ ಆಮೇಲೆ. ನಮ್ಮ ಛತ್ರದಲ್ಲಿ ಉಜ್ಜೀವನ ಮೊದಲು, ಆಮೇಲೆ ಪಲಾವ್, ಕೂಪನ್ ಇದ್ದವರಿಗೆ. ರಮಾಬಾಯಿಯನ್ನು ಈ ಪುಸ್ತಕಗಳು ಯಾಕೆ ಮರೆಯುತ್ತವೆ ಅನ್ನುವುದು ಇನ್ನೇನು ಗುಟ್ಟು.

ಎಲ್ಲರೂ ಹೀಗೆ ಅನ್ನಲಾರೆ. ಬೆಂಗಳೂರಿನಲ್ಲಿ ಜ್ಯಾಕ್ ಪೂನೆನ್ ಇದ್ದಾರೆ. ನೌಕಾಪಡೆಯ ನೌಕರಿ ಬಿಟ್ಟವರು. 1975ರಲ್ಲಿ ಅವರ ಮನೆಯಲ್ಲಿ ಶುರುವಾದ ಸಭೆಯಲ್ಲಿ ಹಿರಿಯರಿಗೆ ಸಂಬಳವಿಲ್ಲ, ಎಲ್ಲರೂ ಸ್ವಂತ ದುಡಿಮೆಯ ಮೇಲೆ ಬದುಕಬೇಕು. ಧರ್ಮದ ಹೆಸರಿನಲ್ಲಿ ದುಡ್ಡೆತ್ತುವವರನ್ನು ಅವರು ಬೈಯುವ ಬೈಗುಳದ ಮುಂದೆ ಈ ಅಂಕಣ ಲಾಲಿಹಾಡು. ಅವರ ಸಿದ್ಧಾಂತ ಪೂರ್ತಿ ನನಗೆ ಒಗ್ಗುವುದಿಲ್ಲ, ಆ ಮಾತು ಬೇರೆ. ಛತ್ರದ ಬಾಗಿಲ ಮೇಜಿನ ಮೇಲೆ ಅಂಥ ಪುಸ್ತಕ ನನಗಂತೂ ಕಂಡಿಲ್ಲ.

ಹೊಸ ಮನುಷ್ಯನಾಗುವುದಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ. ಪುಸ್ತಕದಲ್ಲಿ ಅದು ಬರುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಬರುತ್ತದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದರೆ ಹಿಂದೂ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತನಾದ ದಲಿತ ಹೊರಗೆ. ಅವನು ಹೊಸ ಮನುಷ್ಯ ಅಂತ ಕೇಂದ್ರ ಸರ್ಕಾರ ಎಪ್ಪತ್ತೈದು ವರ್ಷದಿಂದ ಗಟ್ಟಿಯಾಗಿ ನಂಬಿಕೊಂಡಿದೆ. ಪಾಸ್ಟರಿಗಿಂತ ದೊಡ್ಡ ವಿಶ್ವಾಸ. ಊರಿನ ಟೀ ಅಂಗಡಿಯವನಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ. ಅವನ ಕಣ್ಣಿಗೆ ಇವನು ಹಳೆಯ ಮನುಷ್ಯನೇ.

ಹೆಣ್ಣು ಕೊಡುವಾಗ ನಮ್ಮ ಸಭೆಯವರಿಗೂ ನಂಬಿಕೆ ಕಡಿಮೆಯೇ. ಯೆಹೂದಿ, ಗ್ರೀಕ ಅನ್ನುವ ಭೇದ ಕ್ರಿಸ್ತನಲ್ಲಿ ಇಲ್ಲ ಅಂತ ಬೆಳಿಗ್ಗೆ ಓದುತ್ತೇವೆ. ಯೆಹೂದಿ, ಗ್ರೀಕ ಇಬ್ಬರೂ ಚಾಮರಾಜನಗರದಲ್ಲಿ ಇಲ್ಲದ್ದರಿಂದ ಪಾಲಿಸುವುದು ಸುಲಭ. ಸಂಜೆ ಹೆಣ್ಣಿನ ಕಡೆಯವರು ಯಾವ ಬೀದಿಯವರು ಅಂತ ವಿಚಾರಿಸುತ್ತೇವೆ. 2025ರ ಸೆಪ್ಟೆಂಬರಿನ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ 'ಕುರುಬ ಕ್ರೈಸ್ತ', 'ಬ್ರಾಹ್ಮಣ ಕ್ರೈಸ್ತ' ಅಂತೆಲ್ಲ ಬಂದಾಗ ರಾಜಕಾರಣಿಗಳು ಎದೆ ಬಡಿದುಕೊಂಡರು. ಅಂಥವರು ಇದ್ದಾರೆಯೇ ಅಂತ ಕೇಳಿದರು. ನಮ್ಮ ಮದುವೆ ಮಾತುಕತೆಗೆ ಒಂದು ಸಲ ಬಂದು ಕೂತಿದ್ದರೆ ಕೇಳುತ್ತಿರಲಿಲ್ಲ. ಹನ್ನೊಂದು ಪುಸ್ತಕಗಳಲ್ಲಿ ಜಾತಿ ಅನ್ನುವ ಪದವನ್ನು ಹುಡುಕಿದೆ. ಒಂದು ಕಡೆ ಸಿಕ್ಕಿತು. 'ಜಾತಿಜನಾಂಗಗಳೇ, ಸ್ತುತಿಸಿರಿ' ಅನ್ನುವ ಧಾಟಿಯ ಸಾಲಿನಲ್ಲಿ.

ಮತ್ತೊಂದು ಪುಸ್ತಕ ಪೂರ್ತಿ ಉಸಿರಿನ ಬಗ್ಗೆ. ಆತ್ಮ ಅಂದರೆ ಉಸಿರು, ಒಳಗೆ ಎಳೆದುಕೊಳ್ಳಿ, ಬಿಡಿ. 2021ರ ಮೇ 2ರ ರಾತ್ರಿ, ಕೋವಿಡ್ ಹೊತ್ತಿನಲ್ಲಿ, ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು, ಒಂದು ಹಗಲು ಒಂದು ರಾತ್ರಿಯಲ್ಲಿ 24 ಜನ ಹೋದರು. ಆ ಪುಸ್ತಕವನ್ನು ನಾನು ಹನ್ನೆರಡನೆಯ ಪುಟಕ್ಕೆ ಮುಚ್ಚಿದೆ.

ಈ ನೆಲಕ್ಕೆ ಆಧ್ಯಾತ್ಮ ಗೊತ್ತಿಲ್ಲ ಅಂತ ಕಲಿಸಲು ಬರುತ್ತಾರಲ್ಲ, ಅದು ಇನ್ನೊಂದು ತಮಾಷೆ. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಥೆಯಲ್ಲಿ ಆ ಸ್ವಾಮಿ, ಅಂದರೆ ಧರೆಗೆ ದೊಡ್ಡಯ್ಯ, ಬಸವಣ್ಣನ ಕಲ್ಯಾಣದ ಬಾಗಿಲಿಗೆ ಹೇಗೆ ಬಂದ? ಮೈಯೆಲ್ಲ ಹುಣ್ಣು, ಹೆಂಡದ ನಾತ, ಹೆಗಲ ಮೇಲೆ ಸತ್ತ ಕರು. ಭಕ್ತರೆಲ್ಲ ಮೂಗು ಮುಚ್ಚಿಕೊಂಡು ಓಡಿದರು. ಭಕ್ತಿ ಅಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ತಕ್ಕಡಿ ಇದೆಯೇ? ಕೊಳ್ಳೇಗಾಲದ ಆಚೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಇವತ್ತಿಗೂ ಜಾತಿ ಬಿಟ್ಟು ಒಂದೇ ಸಾಲಿನಲ್ಲಿ ಕೂತು ಮಾಂಸದೂಟ ಉಣ್ಣುತ್ತಾರೆ, ಪಂಕ್ತಿಸೇವೆ ಅಂತ. ಒಂದೇ ರೊಟ್ಟಿ, ಒಂದೇ ಪಾತ್ರೆ ಅನ್ನುವುದನ್ನು ನಮಗೆ ವಿವರಿಸಲು ಮಾತ್ರ ಕ್ಯಾಲಿಫೋರ್ನಿಯಾದಿಂದ ಪುಸ್ತಕ ಬರಬೇಕು.

ಸಾಲದ ವಿಚಾರಕ್ಕೆ ಬರೋಣ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮಿಸು ಅಂತ ಕೇಳುವುದು ಏನನ್ನು? ನಮ್ಮ ಬಾಯಿಪಾಠದಲ್ಲಿ 'ತಪ್ಪು'. ಮತ್ತಾಯನ ಗ್ರೀಕ್ ಮೂಲದಲ್ಲಿ ಇರುವುದು 'ಸಾಲ'. ಸಾಲಗಾರನ ಸಾಲ. ಕನ್ನಡಕ್ಕೆ ಬರುವಷ್ಟರಲ್ಲಿ ಅದು ತಪ್ಪಾಯಿತು. ನವೀಕರಣದ ಪುಸ್ತಕಕ್ಕೆ ಬರುವಷ್ಟರಲ್ಲಿ 'ಒಳಗಿನ ಗಾಯ' ಆಯಿತು. ಇನ್ನೊಂದು ಮುದ್ರಣಕ್ಕೆ ಬರೀ ತಲೆನೋವು.

2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಊರುಗಳಲ್ಲಿ ಮೈಕ್ರೊಫೈನಾನ್ಸ್‌ನವರ ಕಾಟ ತಾಳದೆ ಜನ ಮನೆಗೆ ಬೀಗ ಹಾಕಿ ಹೋದರು. ಪೇಪರಿನಲ್ಲಿ ಬಂತು, ಟೀವಿಯಲ್ಲಿ ಬಂತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದೇ ವರ್ಷ ರೋಮಿನ ಪ್ರಕಾರ ಜೂಬಿಲಿ ವರ್ಷ. ಪೋಪ್ ಫ್ರಾನ್ಸಿಸ್ ಬಡದೇಶಗಳ ಸಾಲ ಮನ್ನಾ ಮಾಡಿ ಅಂತ ಶ್ರೀಮಂತ ದೇಶಗಳಿಗೆ ಹೇಳಿದರು. ನಮ್ಮ ಕಡೆ ಜೂಬಿಲಿ ಅಂದರೆ ಬ್ಯಾನರು ಕಟ್ಟಿದರು. ಕೈಲಾದವರು ಕಂತಿನಲ್ಲಿ ರೋಮಿಗೆ ಹೋಗಿಬಂದರು. ಜೂಬಿಲಿಗೆ ಸಾಲ ಮಾಡಿದವರನ್ನು ಜಗತ್ತಿನಲ್ಲಿ ಮೊದಲು ನೋಡಿದ್ದು ನಾನೇ ಇರಬೇಕು.

ಜೂಬಿಲಿ ಅಂದರೆ ಏನು ಅಂತ ಬೈಬಲಿನಲ್ಲಿ ಸ್ಪಷ್ಟವಾಗಿದೆ. ಯಾಜಕಕಾಂಡ, 25ನೇ ಅಧ್ಯಾಯ. ಐವತ್ತನೆಯ ವರ್ಷ ಕೊಂಬು ಊದಬೇಕು. ಮಾರಿಕೊಂಡ ಹೊಲ ಮೂಲದವನಿಗೆ ಹಿಂದಿರುಗಬೇಕು. ಸಾಲಕ್ಕೆ ಜೀತ ಬಿದ್ದವನು ಮನೆಗೆ ಹೋಗಬೇಕು. ಭೂಮಿ ದೇವರದು, ನೀವೆಲ್ಲ ಬಾಡಿಗೆಗೆ ಇರುವವರು ಅನ್ನುವ ಅರ್ಥದ ಮಾತು. ಒಟ್ಟು 55 ವಾಕ್ಯ.

ಎರಡು ವಾಕ್ಯದ ಯಾಬೇಚನಿಗೆ 90 ಲಕ್ಷ ಪ್ರತಿ. ಐವತ್ತೈದು ವಾಕ್ಯದ ಜೂಬಿಲಿಗೆ ನನ್ನ ಗೂಡಿನಲ್ಲಿ ಅರ್ಧ ಪುಟ. ಅದರಲ್ಲೂ ಲೇಖಕರು ಇದನ್ನು ಅಕ್ಷರಶಃ ತೆಗೆದುಕೊಳ್ಳಬಾರದು, ಇದು ಮನಸ್ಸಿನ ಬಿಡುಗಡೆ ಅನ್ನುತ್ತಾರೆ. ಗಡಿ ಹಿಗ್ಗಿಸು ಅನ್ನುವುದು ಅಕ್ಷರಶಃ. ಹೊಲ ವಾಪಸು ಕೊಡು ಅನ್ನುವುದು ರೂಪಕ. ಇಂಥ ವ್ಯಾಖ್ಯಾನಕ್ಕೆ ದೇವಶಾಸ್ತ್ರ ಓದಬೇಕಿಲ್ಲ. ಪಹಣಿ ಓದಲು ಬಂದರೆ ಸಾಕು.

ನಮ್ಮ ದೊಡ್ಡವ್ವನಿಗೆ ಓದು ಬರುವುದಿಲ್ಲ. ಅರಿಶಿನದ ಹೊಲಕ್ಕೆ ಕಳೆ ಕೀಳಲು ಹೋಗುತ್ತಾಳೆ. ಭಾನುವಾರ ಸತ್ಯವೇದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಸಭೆಗೆ ಬರುತ್ತಾಳೆ. ಹೋದ ತಿಂಗಳು ಬಂದವಳು ಗೂಡಿನ ಕಡೆ ನೋಡಿದಳು.

"ಏನ್ ಮಗಾ, ಇಷ್ಟೊಂದ್ ಪುಸ್ತ್ಕ ಮಡಿಕಂಡಿದ್ದೈ?"

"ಹೊಸ ಮನ್ಸ ಆಗೋದ್ ಹೆಂಗ ಅಂತ ಬರ್ದವ್ರ ದೊಡ್ಡವ್ವ."

"ಹಳೇ ಮನ್ಸನ್ಗೇ ಅನ್ನ ಇಲ್ಲ. ಹೊಸಬ್ನ್‌ಗ ಯಾರ್ ಇಕ್ಕಾರು?" ಅಂದಳು.

ನಗು ಬಂತು. ಅವಳು ನಗಲಿಲ್ಲ. ಒಂದಿಷ್ಟು ಓದಿ ಹೇಳು ಅಂದಳು. ಯಾಬೇಚನ ಪುಸ್ತಕ ಕೈಗೆತ್ತಿಕೊಂಡವನು ಯಾಕೋ ಬಿಟ್ಟೆ. ಸತ್ಯವೇದವನ್ನೇ ಬಿಚ್ಚಿ ಯಾಜಕಕಾಂಡದ 25ನೇ ಅಧ್ಯಾಯ ಓದಿದೆ. ಮೊದಲರ್ಧ ಆಕಳಿಸುತ್ತಾ ಕೇಳಿದಳು. ಹೊಲದ ಮಾತು ಬಂದ ಕೂಡಲೇ ಎಲೆ ಅಡಿಕೆ ಉಗಿದು ಬಂದು ಹತ್ತಿರ ಕೂತಳು.

"ಅಂದ್ರ, ಐವತ್ತ್ ವರ್ಸಕ್ಕ ಹೊಲ ಹಿಂದಕ್ಕ ಬತ್ತುದಾ?"

"ಹಂಗ ಬರ್ದದ."

"ಯಾರ್ ಹೇಳಿರದು? ಪಾಸ್ಟ್ರಾ?"

"ದೇವ್ರೇ ಹೇಳಿರದು ದೊಡ್ಡವ್ವ."

ಅವಳು ಸುಮ್ಮನಾದಳು. ದೊಡ್ಡಪ್ಪನ ಎರಡೆಕರೆ ಕೆರೆ ಕೆಳಗಿತ್ತು. ಮಗಳ ಮದುವೆ ಸಾಲಕ್ಕೆ ಭೋಗ್ಯಕ್ಕೆ ಹಾಕಿದ್ದು. ಬಡ್ಡಿ ಬೆಳೆಯಿತು, ದೊಡ್ಡಪ್ಪ ಹೋದ, ಭೋಗ್ಯದ ಪತ್ರ ಹೋಗಿ ಕ್ರಯದ ಪತ್ರ ಆಯಿತು. ಅವಳು ಈಗ ಕಳೆ ಕೀಳಲು ಹೋಗುವುದು ಅದೇ ಎರಡೆಕರೆಗೆ. ಒಡೆಯರು ಬಿಳಿ ಅಂಗಿಯವರು. ವರಾಂಡದಲ್ಲಿ ಕಾಫಿ, ಖಾರ ಕೊಡುವವರು.

ಬೆರಳು ಮಡಿಚಿ ಮಡಿಚಿ ಲೆಕ್ಕ ಹಾಕಿದಳು. ಬಾಯಲ್ಲಿ ಯಾವ್ಯಾವುದೋ ಮದುವೆ, ಯಾವ್ಯಾವುದೋ ಬರಗಾಲ, ಯಾವುದೋ ಎಮ್ಮೆ ಸತ್ತ ವರ್ಷ.

"ನಲ್ವತ್ತೆಂಟಾತು ಕನ ಮಗಾ. ಇನ್ನೆಲ್ಡ್ ವರ್ಸ, ಅಲ್ವಾ?"

ಉತ್ತರಕ್ಕೆ ಗೂಡಿನ ಕಡೆ ನೋಡಿದೆ. ಹನ್ನೊಂದಿವೆ. ದೊಡ್ಡವ್ವ ಮಡಿಚಿದ ಬೆರಳು ಬಿಡಿಸದೆ ಕಾಯುತ್ತಿದ್ದಳು.